ಬಾಗಿಲತನಕ ಬರಬಾರದ ದನಿ

"ಯವ್ವಾ, ಗಿರಣಿ ಮುತ್ಯಾ ಎಲ್ಲಾರಿಗೂ ಯಾಕ ಬೈತಾನ?" ತಾಯಿಯ ಸೆರಗು ಹಿಡಿದು ನಡೆಯುತ್ತಿದ್ದ ಗೌರಾ ಕೇಳಿದಳು.

"ಬೈಯಂಗಿಲ್ಲವ್ವಾ. ಅಂವ ಮಾತಾಡೂದೇ ಹಂಗ," ಎಂದಳು ಶಿವಕಾಂತಾ. ಬಾಣಂತಿಗೆಂದು ಕೊಬ್ಬರಿ ಬಟ್ಟಲು ಕಟ್ಟಿಕೊಂಡು ಅವಳು ಬುರಾನುದ್ದೀನನ ಮನೆಗೇ ಹೊರಟಿದ್ದಳು.

ಕೊಳಕೂರಿನಲ್ಲಿ ಬುರಾನುದ್ದೀನನ ಹಿಟ್ಟಿನ ಗಿರಣಿ ಅರಿಯದವರಿಲ್ಲ. ಇಂಜಿನ್ನಿನ ಹೊಗೆಕೊಳವೆಯ ಬಾಯಿಗೆ ಅವನು ತಗಡಿನ ಡಬ್ಬಿ ಬೋರಲು ಹಾಕಿದ್ದ. ಗಿರಣಿ ಶುರುವಾದರೆ ಅದು ಟುಕ್ ಟುಕ್ ಎನ್ನುತ್ತ ದೂರದ ಹೊಲಗಳಿಗೂ ಸುದ್ದಿ ಮುಟ್ಟಿಸುತ್ತಿತ್ತು. ಅಲ್ಲಿ ಕಳೆ ತೆಗೆಯುವವರಿಗೆ ಅದು ಪಾರಿವಾಳದ ಗುಟುರಿನಷ್ಟು. ಊರಬಾಗಿಲ ಅಗಸಿಗೆ ಬಂದರೆ ಮಾತು ಎತ್ತರಿಸಬೇಕು. ಗಿರಣಿಯ ಹೊಸ್ತಿಲಲ್ಲಂತೂ ಎದೆಯೊಳಗೇ ಕುಟ್ಟಿದಂತೆ. ಬುರಾನುದ್ದೀನ ಪ್ರಾಯವನ್ನೆಲ್ಲ ಆ ಇಂಜಿನ್ನಿನ ಮಗ್ಗುಲಲ್ಲೇ ಕಳೆದವನು. ಅದನ್ನು ಮೀರಿ ಕೂಗಿ ಕೂಗಿ ದನಿ ದೊಡ್ಡದಾಯಿತು, ಕಿವಿ ಮಂದವಾಯಿತು. ಗಿರಣಿ ನಿಂತರೂ ದನಿ ಇಳಿಯಲಿಲ್ಲ. "ಇವರು ಗುಟ್ಟು ಹೇಳಿದ್ರ ಮಗ್ಗಲೂರು ಸೊನ್ನದಾಗ ಕೇಳತದ," ಎಂದು ಹೆಂಡತಿ ಸುಲ್ತಾನಬಿ ನಗುತ್ತಿದ್ದಳು.

ಇಂದು ಅವಳು ನಗಲಿಲ್ಲ. ಬೆಳಿಗ್ಗೆ ಕಿರಿಮಗಳು ವಜೀರುನ್ನಿಸಾ ಹೆಣ್ಣು ಹಡೆದಿದ್ದಳು. ಹುಟ್ಟಿದ ಕೂಸಿನ ಕಿವಿಯಲ್ಲಿ ಅಜಾನ್ ಹೇಳಬೇಕು, ಹೇಳಬೇಕಾದ ಅಳಿಯ ಊರಲ್ಲಿಲ್ಲ.

"ಮೌಲ್ವಿಸಾಬ್ರನ್ನ ಕರೀರಿ ಅಂದ್ರ ಕೇಳವಲ್ರು, ತಾವ ಹೇಳ್ತಾರಂತ," ಎಂದು ಮನೆಗೆ ಬಂದ ಶಿವಕಾಂತಾಳಿಗೆ ಹೇಳಿದಳು ಸುಲ್ತಾನಬಿ. "ಹಿರೀ ಮಗಳ ಕೂಸಿಗೆ ಇವರು ಹೇಳಿದಾಗ ಜಂತ್ಯಾಗಿನ ಗುಬ್ಬಿ ಹಾರಿ ಹೋದ್ವು. ಕೂಸು ಸಂಜೀತನಕ ಬೆಚ್ಚತಿತ್ತು."

ಮಾತು ಕೇಳಿಸದಿದ್ದರೂ ಪಡಸಾಲೆಯಲ್ಲಿ ಕೂತಿದ್ದ ಬುರಾನುದ್ದೀನನಿಗೆ ಅದು ಯಾವುದೆಂದು ತಿಳಿಯಿತು. ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ನೆಲ ನೋಡಿದ. ಗಿರಣಿಯಲ್ಲಿ ಒಬ್ಬರ ಹಿಟ್ಟಿಗೆ ಇನ್ನೊಬ್ಬರ ಹಿಟ್ಟು ಬೆರೆಯದಂತೆ ಕಾಯುತ್ತಿದ್ದ ಆ ಕೈಗಳು ಸುಮ್ಮನಿದ್ದುದನ್ನು ಕಂಡು ಶಿವಕಾಂತಾ ಮುಂದೆ ಸರಿದಳು. ಅವನ ಕಿವಿಯ ಹತ್ತಿರ ಬಾಗಿ ಹೇಳಿದಳು: "ಕಾಕಾ, ಕೂಸಿನ ಕಿವಿ ನಿಮ್ಮ ತುಟಿಗೆ ಹತ್ತಿದಂಗ ಇರ್ತದ್ರಿ. ಉಸರಿನಷ್ಟು ದನಿ ಸಾಕು."

"ಆ ಉಸರೇ ನನಗ ಕೇಳಂಗಿಲ್ಲ, ಬೇಟಿ. ಸಣ್ಣಗ ಅಂದೇನಿ ಅಂದ್ಕೋತೇನಿ, ಓಣಿ ತುಂಬ ಆಗಿರ್ತದ."

ಓಣಿಯ ನಾಯಿ ತಲೆಯೆತ್ತಿತು. ಗೌರಾ ಕಿವಿ ಮುಚ್ಚಿಕೊಂಡಳು. ಅವನು ಎದ್ದು ಕೂಸಿದ್ದ ಕೋಣೆಯ ಕಡೆ ನೋಡಿದ, ಆಮೇಲೆ ಶಿವಕಾಂತಾಳ ಕಡೆ.

"ಒಂದು ಉಪಕಾರ ಮಾಡವ್ವಾ. ನಾ ಒಳಗ ಕೂಸಿನ ಹಂತ್ಯಾಕ ಕುಂದರ್ತೇನಿ. ನೀ ಬಾಗಲದಾಗ ನಿಂದರು. ನನ್ನ ದನಿ ನಿನ್ನತನಕ ಬಂತಂದ್ರ ಕೈ ಕೆಳಗ ಮಾಡಿ ತೋರಸು. ನಿನಗ ಏನೂ ಕೇಳಬಾರದು ನೋಡು. ಅದಕ್ಕಷ್ಟ ಕೇಳಬೇಕು."