ಓದದೆ ಸಹಿ ಹಾಕದ ಮುನಿಯಮ್ಮ

ಮುನಿಯಮ್ಮ ಆ ದಿನ ಬೈದರೋ ನಕ್ಕರೋ, ಈಗ ಖಚಿತವಾಗಿ ಹೇಳಲಾರೆ. ಸೂಲಿಬೆಲೆಯ ಅವರ ಮನೆಯ ಜಗಲಿಯಲ್ಲಿ ನನ್ನ ಹಾಜರಿ ಹಾಳೆ ಚಾಚಿದ್ದೆ. ಕಾಲೇಜಿನ ಸಮುದಾಯ ಸೇವೆಯ ಫೆಲೋಶಿಪ್‌ನಲ್ಲಿ ಪ್ರತಿ ಭಾನುವಾರ ಅವರಿಗೆ ಓದು ಕಲಿಸುತ್ತಿದ್ದೆ. ಅವರು ಸಹಿ ಹಾಕಿದ ದಿನಗಳಿಗಷ್ಟೇ ನನಗೆ ಸ್ಟೈಪೆಂಡ್.

"ಓದ್ದೇ ಯಾವ ಕಾಗ್ದಕ್ಕೂ ಸೈನ್ ಹಾಕ್ಬೇಡಿ ಅಂದೋನು ನೀನೇ ಅಲ್ವೇನಪ್ಪಾ?" ಎಂದು ಅಕ್ಷರ ಕೂಡಿಸಿ ಓದತೊಡಗಿದರು. ಕೊನೆಯ ಸಾಲಿನಲ್ಲಿ ಬೆರಳು ನಿಂತಿತು. "ಹೋದ ಭಾನ್ವಾರ ನೀನೆಲ್ಲಿ ಬಂದಿದ್ದೆ? ಸ್ಲೇಟ್ ಹಿಡ್ಕೊಂಡು ಕಾದೂ ಕಾದೂ ಹಸುಗೆ ಮೇವು ತರೋಕೆ ಹೋದೆ."

"ಬಂದಿದ್ದೆ ಅಜ್ಜಿ, ನೀವೇ ಮರ್ತಿದ್ದೀರ" ಎಂದು ವಾದಿಸಿದೆ. ಅವರು ಆ ಸಾಲನ್ನು ಹೊಡೆದುಹಾಕಿಯೇ ಸಹಿ ಮಾಡಿದರು.

ನನ್ನ ಪಾಠ ಅಷ್ಟು ಚೆನ್ನಾಗಿ ತಲೆಗೆ ಹತ್ತಿದ್ದಕ್ಕೆ ಸಿಟ್ಟು ಬಂತು. ಮನೆಗೆ ಬಂದು ಮೊಬೈಲಿನ ಫೋಟೊ ನೋಡಿದೆ: ಆ ಭಾನುವಾರ ನಾನು ಹೊಸಕೋಟೆಯ ಬಿರಿಯಾನಿ ಕ್ಯೂನಲ್ಲಿ ನಿಂತಿದ್ದೆ.