ಇಲ್ಲದ ಮರಿಯ ಕೂಗು

ಮೊನ್ನೆ ಕಂಪ್ಲಿ ಬಸ್ಸಿನಲ್ಲಿ ಪಕ್ಕದ ಅಜ್ಜನ ಕಂಬಳಿ ಮಳೆಗೆ ನೆಂದು ನಾರುತ್ತಿತ್ತು. ಉಳಿದವರು ಮೂಗು ಮುಚ್ಚಿಕೊಂಡರೆ ನಾನು ಇನ್ನಷ್ಟು ಒತ್ತಿ ಕೂತೆ. ಅಜ್ಜ ನನ್ನನ್ನು ಜೇಬುಗಳ್ಳನೆಂದು ತಿಳಿದು ಚೀಲವನ್ನು ಆಚೆ ತೊಡೆಗೆ ಸರಿಸಿದ. ಆ ವಾಸನೆ ನನಗೊಂದು ಕರಡಿಮರಿಯದು ಎಂದು ಅವನಿಗೆ ಹೇಗೆ ಹೇಳಲಿ? ನಿಮಗಾದರೆ ಹೇಳಬಹುದು.

ಗಣಿಯ ಭರಾಟೆಯ ಕಾಲ. ಸಂಡೂರಿನಿಂದ ಬರುವ ಅದಿರು ಲಾರಿಗಳ ಕೆಂಪು ಧೂಳಿನ ಕೃಪೆಯಿಂದ ಹೊಸಪೇಟೆಯಲ್ಲಿ ಬಿಳಿ ಅಂಗಿ ತೊಡುವ ಧೈರ್ಯ ಮದುಮಗನಿಗೂ ಇರಲಿಲ್ಲ. ಕಡ್ಡಿರಾಂಪುರದ ಶಾರದಕ್ಕ ಎಂಬ ಶಾಲೆಯ ಟೀಚರು, ಅರಣ್ಯ ಇಲಾಖೆಯವರ ಒಪ್ಪಿಗೆ ಪಡೆದು, ಗಾಯಗೊಂಡ, ತಾಯಿ ತಪ್ಪಿದ ಕಾಡುಪ್ರಾಣಿಗಳನ್ನು ಹಿತ್ತಲಿನ ಶೆಡ್ಡಿನಲ್ಲಿ ಆರೈಕೆ ಮಾಡುತ್ತಿದ್ದರು. ನಾನು ಅವರ ಸಂಬಳವಿಲ್ಲದ ಸಹಾಯಕ. ಉಳಿದ ಹೊತ್ತು ಮಿಮಿಕ್ರಿ. ಅಕ್ಕನ ಕೆಮ್ಮು, ಸಾಹೇಬರ ಫೋನು ಬಂದರೆ ಫಾರೆಸ್ಟ್ ಗಾರ್ಡ್ ಹುಲುಗಪ್ಪ ಎದ್ದು ನಿಂತು ತೆಗೆಯುವ ದನಿ, ಹುಡುಗಿಯರೆದುರು ದಪ್ಪಗಾಗುವ ನನ್ನದೇ ದನಿ, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ.

ಶೆಡ್ಡಿನೊಳಗೆ ಮಾತ್ರ ಬಾಯಿ ಬಂದ್. ಮರಿಗಳು ಮನುಷ್ಯರ ದನಿಗೆ ಒಗ್ಗಿಕೊಂಡರೆ ಮುಂದೆ ಊರಿಗೇ ಬಂದು ಸಾಯುತ್ತವೆ ಎಂದು ಅಕ್ಕ ಹೇಳುತ್ತಿದ್ದರು. ಹಾಲು ಕುಡಿಸುವವರು ಮುಖ ಮುಚ್ಚುವಂತೆ ಕಂಬಳಿ ಹೊದ್ದು ಕೂರಬೇಕು. ನಾನು ಜೀವನದಲ್ಲಿ ಸುಮ್ಮನಿದ್ದದ್ದು ಆ ಕಂಬಳಿಯೊಳಗಷ್ಟೇ.

ಒಂದು ದಿನ ಹುಲುಗಪ್ಪ ಸಂಡೂರಿನ ಗುಡ್ಡದಿಂದ ಕರಡಿಮರಿಯೊಂದನ್ನು ತಂದ. ಬಂಡೆ ಸಿಡಿಸಿದಾಗ ತಾಯಿ ಓಡಿ, ಮರಿ ಗವಿಯಲ್ಲಿ ಉಳಿದಿತ್ತಂತೆ. ಎರಡು ದಿನ ಅದರ ಅಳು ಕೇಳಿದೆ. ಮೊದಲು ಮೂಗಿನಿಂದೆಳೆದ ಕೀರಲು, ಕೊನೆಗೆ ಕೂಸು ಬಿಕ್ಕಿದಂಥ ಒಂದು ತುಂಡು. ಮನೆಯಲ್ಲಿ ದಿಂಬಿಗೆ ಬಾಯಿಟ್ಟು ಅಭ್ಯಾಸ ಮಾಡಿದೆ. ಹೊಟ್ಟೆನೋವೆಂದು ತಿಳಿದು ಅಮ್ಮ ಜೀರಿಗೆ ಕಷಾಯ ಕುಡಿಸಿದಳು.

ತಾಯಿ ಇನ್ನೂ ಅಲ್ಲೇ ಸುತ್ತುತ್ತಿದೆ ಎಂದು ಸುದ್ದಿ ಬಂತು. ವಾರದೊಳಗೆ ಆ ಗವಿಯಿದ್ದ ಬಂಡೆಯನ್ನೂ ಸಿಡಿಸುವವರಿದ್ದರು. ಮರಿ ಸಿಕ್ಕರೆ ತಾಯಿ ಗುಡ್ಡದಾಚೆಯ ಕಾಡಿಗೆ ಹೋದೀತು, ಇಲ್ಲದಿದ್ದರೆ ಬಂಡೆಯ ಜೊತೆ ಅದೂ ಹೋಗುತ್ತದೆ. ಮೂರನೆಯ ಸಂಜೆ ಮರಿಯನ್ನು ಬುಟ್ಟಿಯಲ್ಲಿಟ್ಟು ಗವಿಯ ಬಾಯಲ್ಲಿ ಬಿಟ್ಟು, ನಾವು ಮೂವರೂ ದೂರದ ಕಲ್ಲಿನ ಮರೆಯಲ್ಲಿ ಕೂತೆವು. ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು, ನಮ್ಮ ವಾಸನೆ ಕರಡಿಗೆ ತಾಗುವಂತಿರಲಿಲ್ಲ.

ಮರಿ ತುಟಿಪಿಟಕ್ಕೆನ್ನಲಿಲ್ಲ.

"ಅದು ಕೂಗ್ಲಿಲ್ಲಂದ್ರ ಅವರವ್ವಗ ಹೆಂಗ ಗೊತ್ತಾಗ್ಬೇಕ್ರಿ?" ಎಂದು ಹುಲುಗಪ್ಪ ಪಿಸುಗುಟ್ಟಿದ.

ಅಕ್ಕ ತಡೆಯುವ ಮೊದಲೇ ನಾನು ಕೂಗಿದೆ. ಕೆಳಗಿನ ಪೊದೆಯಿಂದ ಉತ್ತರ ಬಂತು. ಘರ್ಜನೆಯಲ್ಲ, ತುಂಬಿದ ಜೇನುಗೂಡಿನಂಥ ಗುಂಯ್‌ಗುಡುವಿಕೆ. ಹುಮ್ಮಸ್ಸಿನಿಂದ ಇನ್ನೊಮ್ಮೆ ಕೂಗಿದೆ.

ಕರಡಿ ಹೊರಬಂತು. ಬುಟ್ಟಿಯನ್ನು ದಾಟಿ ನೇರ ನಮ್ಮ ಕಲ್ಲಿನ ಕಡೆ ನಡೆಯಿತು. ಹತ್ತು ಮಾರು ದೂರದಲ್ಲಿ ನಿಂತು ಮತ್ತೆ ಗುಂಯ್‌ಗುಟ್ಟಿತು, ನನ್ನನ್ನೇ ಹೆಸರು ಹಿಡಿದು ಕರೆದಂತೆ. ಆಗ ಹಿಂದಿನಿಂದ ಮರಿ ನಿಜವಾಗಿ ಅತ್ತಿತು. ತಾಯಿ ತಿರುಗಿ ಓಡಿ, ಬುಟ್ಟಿ ಮಗುಚಿ, ಮರಿಯನ್ನು ಬೆನ್ನಿಗೇರಿಸಿಕೊಂಡಿತು. ಹೋಗುವಾಗ ಎರಡು ಸಲ ನಿಂತು ನಮ್ಮ ಕಲ್ಲನ್ನು ನೋಡಿತು.

ಮರುದಿನವೂ ಅದರ ಮರುದಿನವೂ ಹುಲುಗಪ್ಪ ಫೋನು ಮಾಡಿದ. ಮರಿಯನ್ನು ಬೆನ್ನಿಗೆ ಹೊತ್ತು, ಸಂಜೆಯಾದರೆ ಕರಡಿ ಆ ಕಲ್ಲಿಗೆ ಸುತ್ತು ಹಾಕಿ ಕರೆಯುತ್ತದಂತೆ. ಗುಡ್ಡ ಬಿಡುತ್ತಿಲ್ಲ.

"ಕರಡಿ ಎರಡೆರಡು ಮರಿ ಹಾಕ್ತಾವ ತಮ್ಮಾ," ಎಂದರು ಅಕ್ಕ. "ಇನ್ನೊಂದು ಅಲ್ಲೇ ಐತಿ ಅಂತ ತಿಳಕೊಂಡೈತಿ. ಅದನ್ನ ಹುಟ್ಟಿಸಿದಾಂವ ನೀನು."

"ಈಗ ಏನ್ ಮಾಡೂದಕ್ಕಾ?"

"ಅಂಗಿ ಬಿಚ್ಚು."

ಕೂಗಿದ ಜಾಗದಲ್ಲಿ ಮನುಷ್ಯರ ಬೆವರು ನಾರಿದರೆ ಹೆದರಿ ಹೋದೀತು ಎಂಬುದು ಅಕ್ಕನ ಉಪಾಯ. "ಇವನ ವಾಸನಿಗೆ ಕರಡಿ ಏನ್ರಿ, ಲಾರಿನೂ ಹಿಂದಕ ಹೊಕ್ಕಾವ," ಎಂದು ಹುಲುಗಪ್ಪ ಮೂಗು ಹಿಡಿದು ನನ್ನ ಅಂಗಿಯನ್ನು ಕಲ್ಲಿನ ಮೇಲೆ ಹಾಸಿದ.

ಬೆಳಿಗ್ಗೆ ಹೋದಾಗ ಅಂಗಿ ಇರಲಿಲ್ಲ. ಹರಿದ ಚೂರಿಲ್ಲ, ಒಂದು ಗುಂಡಿಯೂ ಬಿದ್ದಿರಲಿಲ್ಲ. ಕೆಂಪು ಧೂಳಿನಲ್ಲಿ ಹೆಜ್ಜೆಗಳು, ಬರಿಗಾಲಿನ ಮನುಷ್ಯನವೇ ಎನ್ನುವಂಥವು. ಪಕ್ಕದಲ್ಲಿ ಅಂಗಿಯ ತೋಳು ನೆಲಕ್ಕೆ ಎಳೆದುಕೊಂಡು ಹೋದ ಒಂದು ಗೀರು. ಎರಡೂ ಜೊತೆಯಾಗಿ ಗುಡ್ಡ ದಾಟಿ ಆಚೆಯ ಕಾಡಿಗಿಳಿದಿದ್ದವು.

"ಓಡಿದ ಹೆಜ್ಜಿ ಅಲ್ರಿ ಇವು," ಎಂದ ಹುಲುಗಪ್ಪ. "ನಿಧಾನಕ ನಡದೈತಿ."

ಅಕ್ಕ ನನ್ನ ಮುಖ ನೋಡಲಿಲ್ಲ. "ಮೊದಲ್ನೇ ಮರಿನೂ ನಮ್ಮ ವಾಸನಿ ಹೊತ್ಕೊಂಡೇ ಸಿಕ್ಕಿತ್ತಲ್ಲ ಆಕಿಗೆ. ನನಗ ಅದು ಹೊಳೀಲಿಲ್ಲ. ಎರಡೂ ಸಿಕ್ವು ಅಂತ ಹೋಗ್ಯಾಳ."

ಕರಡಿ ಮರಳಲಿಲ್ಲ. ಬಂಡೆ ಸಿಡಿಯಿತು. ಗೆದ್ದೆವೆಂದು ಹುಲುಗಪ್ಪ ಮಿರ್ಚಿ ತಿನ್ನಿಸಿದ. ನಾನು ನನ್ನ ಪಾಲನ್ನೂ ಅವನ ಕಡೆಗೇ ಸರಿಸಿದೆ. ಆಮೇಲೂ ಊರಿನವರ ದನಿಯನ್ನೆಲ್ಲ ತೆಗೆದಿದ್ದೇನೆ, ಆ ಕೂಗನ್ನು ಮಾತ್ರ ತೆಗೆದಿಲ್ಲ.

ಮೊನ್ನೆ ಬುಕ್ಕಸಾಗರದಲ್ಲಿ ಬಸ್ಸಿಳಿದಾಗ ಮಳೆ ನಿಂತಿತ್ತು, ಮಬ್ಬಾಗುತ್ತಿತ್ತು. ಗದ್ದೆಯಾಚೆಯ ಬಂಡೆಗಳ ಕಡೆಯಿಂದ ಗುಂಯ್ ಎಂಬ ಸದ್ದು ಬಂತು. ಪಂಪ್‌ಸೆಟ್ ಇರಬೇಕು. ಆದರೆ ನನ್ನ ಗಂಟಲು ನನ್ನನ್ನು ಕೇಳದೆ ಉತ್ತರಕ್ಕೆ ಅಣಿಯಾಗಿತ್ತು. ಅಂಗೈಯಿಂದ ಬಾಯಿ ಮುಚ್ಚಿಕೊಂಡೇ ಮನೆಯವರೆಗೆ ನಡೆದೆ.