ತುಳಸಿ ಕುಂಡದಲ್ಲಿದ್ದ ಬಾಣದ ಮೊನೆ

ಕಲ್ಲಿನ ಬಾಣದ ಮೊನೆ ಗುರುತಿಸುವ ವಿಷಯದಲ್ಲಿ ನನ್ನ ಹತ್ತಿರ ಯಾರೂ ವಾದಕ್ಕೆ ಬರಬೇಡಿ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಳಾದವಳು ನಾನು. ಕಲ್ಲು ಬೆರಳಿಗೆ ಸಿಕ್ಕರೆ ಸಾಕು, ಕಣ್ಣು ಮುಚ್ಚಿಯೂ ಹೇಳುತ್ತೇನೆ.

ಹೋದ ವರ್ಷ ಒಂದು ಶುಕ್ರವಾರ ನನ್ನ ಹಳೆಯ ವಿದ್ಯಾರ್ಥಿನಿ ಸವಳಂಗ ರಸ್ತೆಯ ನಮ್ಮ ಮನೆಗೆ ಬಂದಳು. ಈಗ ಭದ್ರಾವತಿಯಲ್ಲಿ ಶಾಲಾ ಶಿಕ್ಷಕಿ. ಪಿಎಚ್‌.ಡಿ.ಗೆಂದು ಗಾಜನೂರಿನ ಕಡೆ ತವರಿನ ಹೊಲದಲ್ಲಿ ಕಲ್ಲು ಹೆಕ್ಕುತ್ತಿದ್ದಳು. ಚೀಲವನ್ನು ಮೇಜಿನ ಮೇಲೆ ಸುರಿದು, "ಇದ್ರಲ್ಲಿ ಒಂದಾದ್ರೂ ಬಾಣದ ಮೊನೆ ಇದ್ರೆ ಸರಿ ಮೇಡಂ, ಇಲ್ದಿದ್ರೆ ಪಿಎಚ್‌.ಡಿ. ಬಿಟ್ಬಿಡ್ತೀನಿ. ನಮ್ಮನೆಯವ್ರು ಜಲ್ಲಿ ಮೇಡಂ ಅಂತ ಕರೀತಾರೆ, ಸಾಕಾಗಿಹೋಗಿದೆ," ಎಂದಳು.

ಒಂದೊಂದನ್ನೇ ನೋಡಿದೆ. ಎಲ್ಲ ಚೆಂದದ ತ್ರಿಕೋನಗಳು. ಒಂದೂ ಬಾಣವಲ್ಲ, ಹೊಲದ ಪಕ್ಕದ ರಸ್ತೆಗೆ ಸುರಿದ ಕ್ರಷರ್ ಜಲ್ಲಿಯೇ. ಪಾಪ ಅನಿಸಿತು. ಆದರೆ ಸಮಾಧಾನಕ್ಕೆಂದು ಸುಳ್ಳು ಹೇಳುವ ಜಾಯಮಾನ ನನ್ನದಲ್ಲ.

"ಪುಸ್ತಕದ ಚಿತ್ರ ನೋಡಿ ಹೆಕ್ಕಿದೀಯಲ್ಲೇ ಮಾರಾಯ್ತಿ! ನಮ್ಮ ಕಡೆ ಬಾಣದ ಮೊನೆ ಅಂದ್ರೆ ಬೆಣಚು ಕಲ್ಲಿನ ಚೂರು. ಉಗುರಿನಷ್ಟಿರುತ್ತೆ, ಅರ್ಧಚಂದ್ರದ ಹಾಗೆ. ನೇರ ಇರೋ ಕಡೆ ಚೂಪು. ಬಾಗಿದ ಬೆನ್ನನ್ನ ಬೇಕಂತ್ಲೇ ಕುಟ್ಟಿ ಕುಟ್ಟಿ ಮೊಂಡು ಮಾಡಿರ್ತಾರೆ, ಅಂಟು ಹಾಕಿ ಬಾಣದ ಕಡ್ಡಿಗೆ ಕೂರಿಸೋಕೆ."

ಅವಳ ಮುಖ ಬಿಳಿಚಿಕೊಂಡಿತು. ಅಂಥವೂ ಸಿಕ್ಕಿದ್ದವಂತೆ. ಕೆಲಸಕ್ಕೆ ಬಾರದ ಚೂರು ಎಂದುಕೊಂಡು, ನೀರು ಬಸಿಯಲೆಂದು ಅತ್ತೆಯ ತುಳಸಿ ಕುಂಡದ ತಳಕ್ಕೆ ಹಾಕಿಬಿಟ್ಟಿದ್ದಳು!

ಸಂಜೆಯೇ ಅವಳ ಜೊತೆ ಭದ್ರಾವತಿಯ ನ್ಯೂ ಟೌನಿನ ಅವಳ ಮನೆಗೆ ಹೋದೆ. ವಿಷಯ ಕೇಳಿ ಅತ್ತೆ ಗದರಿದರು: "ಶುಕ್ರವಾರ ಮುಸ್ಸಂಜೆ ತುಳಸಿ ಕೀಳ್ತಾರೇನ್ರೀ? ಚೆನ್ನಾಗಿದೆ! ಏನಿದ್ರೂ ನಾಳೆ."

"ಜಲ್ಲಿ ಹುಚ್ಚಿಗೆ ತುಳಸೀನೂ ಬಲಿ," ಎಂದು ಅವಳ ಗಂಡ ನಕ್ಕ. ನನಗೆ ಮೈಯೆಲ್ಲ ಉರಿದುಹೋಯಿತು.

ಮರುದಿನ ಬೆಳಿಗ್ಗೆ ಮತ್ತೆ ಹೋದೆ. ಅಷ್ಟರಲ್ಲಿ ಅತ್ತೆ ತುಳಸಿಯನ್ನು ಬೇರೆ ಕುಂಡಕ್ಕೆ ಇಳಿಸಿ, ಹಳೆಯದರ ಕಲ್ಲನ್ನೆಲ್ಲ ತೊಳೆದು ಮೊರದಲ್ಲಿ ಹರಡಿಟ್ಟಿದ್ದರು. "ಅಕ್ಕಿ ಆರಿಸ್ದಂಗೆ ಆರಿಸ್ಕೊಳ್ರಮ್ಮ," ಎಂದರು.

ನೋಡಿದ ಕೂಡಲೇ ನನಗೆ ಅದು ಕಂಡಿತು. ಬಾಯಿ ಬಿಡಲಿಲ್ಲ. ನಾನು ಹೇಳಿದರೆ ಅದು ನನ್ನ ಮಾತಾಗುತ್ತದೆ, ಅವಳದಲ್ಲ. ಅವಳು ಒಂದೊಂದೇ ಚೂರನ್ನು ಎತ್ತಿ, ಅಂಚು ಸವರಿ, ಬದಿಗಿಡುತ್ತ ಹೋದಳು. ಒಂದು ಚೂರಿನ ಬಾಗಿದ ಬೆನ್ನಿನ ಮೇಲೆ ಹೆಬ್ಬೆರಳು ನಿಂತಿತು. ತಿರುಗಿಸಿ ಮತ್ತೊಮ್ಮೆ ಸವರಿದಳು.

"ಇದು," ಎಂದಳು.

ಗಂಡ ನನ್ನ ಕಡೆ ತಿರುಗಿದ. "ಗ್ಯಾರಂಟೀನಾ ಮೇಡಂ?"

"ನನ್ನನ್ಯಾಕೆ ಕೇಳ್ತೀರಿ? ಕಂಡುಹಿಡಿದೋಳು ಅಲ್ಲೇ ಕೂತಿದಾಳೆ, ಅವಳನ್ನ ಕೇಳಿ!"

ಅವನು ಮೊರದ ಪಕ್ಕ ಕುಕ್ಕರುಗಾಲಲ್ಲಿ ಕೂತು, "ಹೇಗೆ ಗೊತ್ತಾಯ್ತೇ?" ಎಂದ. ದನಿಯಲ್ಲಿ ನಗು ಇರಲಿಲ್ಲ.

ಅವಳು ಅವನ ಹೆಬ್ಬೆರಳು ಹಿಡಿದು ಕಲ್ಲಿನ ಬೆನ್ನಿನ ಮೇಲೆ ಇಟ್ಟಳು.